ಧಾರಾವಾಹಿಯ ಹೊಸ್ತಿಲಲ್ಲಿ ಥೇಮ್ಸ್ ನದಿ

ಸಂಜೆಯ ಹೊತ್ತು. ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿರುವ ಗೃಹಿಣಿಗೆ ನಡುಮನೆಯಿಂದ ಪರಿಚಿತವಾದ ರಾಗವೊಂದು ಕೇಳಿಬರುತ್ತದೆ. ಸೌಟನ್ನು ಅಲ್ಲಿಯೇ ಬಿಟ್ಟು, ಸೆರಗಿಗೆ ಕೈಯೊರೆಸಿಕೊಳ್ಳುತ್ತ ಆಕೆ ಹೊರಗೆ ಬರುತ್ತಾಳೆ. ಪಾಠ ಓದುತ್ತಿದ್ದ ಮಗು ತಲೆಯೆತ್ತುತ್ತದೆ. ಪತ್ರಿಕೆಯ ಮರೆಯಲ್ಲಿದ್ದ ಯಜಮಾನರೂ ಮೆಲ್ಲನೆ ಕನ್ನಡಕ ಸರಿಪಡಿಸಿಕೊಳ್ಳುತ್ತಾರೆ. ಧಾರಾವಾಹಿ ಆರಂಭವಾಯಿತೆಂದು ಯಾರೂ ಕೂಗಿ ಹೇಳಬೇಕಾಗಿಲ್ಲ. ಆ ಕೆಲಸವನ್ನು ಶೀರ್ಷಿಕೆಯ ಚಿತ್ರವೂ ಅದರ ಸಂಗೀತವೂ ಮಾಡಿ ಮುಗಿಸಿರುತ್ತವೆ.

ಈ ಅರ್ಧ ನಿಮಿಷದ ಚಿತ್ರವನ್ನು ಯಾರೂ ಕಣ್ಣಿಟ್ಟು ನೋಡುವುದಿಲ್ಲ. ಆದರೆ ಒಂದು ದಿನ ಅದು ಬದಲಾಗಿಬಿಟ್ಟರೆ ಮನೆಮಂದಿಗೆಲ್ಲ ಏನೋ ಕಸಿವಿಸಿ; ದಿನವೂ ದಾಟುವ ಹೊಸ್ತಿಲನ್ನು ಯಾರೋ ಹೇಳದೆ ಕೇಳದೆ ಕಿತ್ತು ಬೇರೆಯದನ್ನು ಇಟ್ಟಂತೆ. ಇಂತಹ ಹೊಸ್ತಿಲೊಂದರ ಕಥೆ ಇಲ್ಲಿದೆ. ಅದು ಇಂಗ್ಲೆಂಡಿನ ಬಿ.ಬಿ.ಸಿ. ಪ್ರಸಾರ ಮಾಡುವ ‘ಈಸ್ಟ್‌ಎಂಡರ್ಸ್’ ಎಂಬ ಧಾರಾವಾಹಿಯದು.

ಸಾಬೂನಿಲ್ಲದ ‘ಸೋಪ್’

ಅಮೆರಿಕದಲ್ಲಿ 1930ರ ದಶಕದಲ್ಲಿ ರೇಡಿಯೋ ಧಾರಾವಾಹಿಗಳ ವೆಚ್ಚವನ್ನು ಸಾಬೂನಿನ ಕಂಪನಿಗಳು ಭರಿಸುತ್ತಿದ್ದವು. ಮನೆವಾರ್ತೆಯ ಕಣ್ಣೀರಿನ ಕಥೆಗಳಿಗೆ ‘ಸೋಪ್ ಒಪೆರಾ’ ಎಂಬ ವಿನೋದದ ಹೆಸರು ಅಂಟಿಕೊಂಡದ್ದು ಹೀಗೆ. ಬಿ.ಬಿ.ಸಿ.ಗಾದರೋ ತನ್ನ ನಾಡಿನಲ್ಲಿ ಜಾಹೀರಾತಿನ ಹಣವಿಲ್ಲ. ವೀಕ್ಷಕರು ತೆರುವ ಪರವಾನಗಿ ಶುಲ್ಕವೇ ಅದರ ಆಧಾರ. ಆದರೂ ಜನಕ್ಕೆ ಇಂತಹ ಕಥೆಯ ಹಸಿವಿತ್ತು. ಜೂಲಿಯಾ ಸ್ಮಿತ್ ಮತ್ತು ಟೋನಿ ಹಾಲೆಂಡ್ ಎಂಬಿಬ್ಬರು ರೂಪಿಸಿದ ಈ ಧಾರಾವಾಹಿ 1985ರ ಫೆಬ್ರುವರಿ 19ರಂದು ಮೊದಲ ಬಾರಿಗೆ ತೆರೆಯ ಮೇಲೆ ಮೂಡಿತು. ಮರುವರ್ಷದ ಕ್ರಿಸ್‌ಮಸ್ ದಿನ, ಮದ್ಯದಂಗಡಿಯ ಮಾಲೀಕ ಡೆನ್ ತನ್ನ ಹೆಂಡತಿ ಆ್ಯಂಜಿಯ ಕೈಗೆ ವಿಚ್ಛೇದನದ ಕಾಗದವನ್ನಿತ್ತ ಪ್ರಕರಣವನ್ನು ನೋಡಿದವರ ಸಂಖ್ಯೆ ಮೂರು ಕೋಟಿಯನ್ನು ಮೀರಿತ್ತು.

ಕಥೆ ನಡೆಯುವುದು ಲಂಡನ್ನಿನ ಪೂರ್ವ ಭಾಗದಲ್ಲಿ. ಹಡಗಿನ ಕೂಲಿಗಳು, ಸಣ್ಣ ವ್ಯಾಪಾರಿಗಳು, ಹೊರನಾಡುಗಳಿಂದ ವಲಸೆ ಬಂದವರು ತಲೆತಲಾಂತರದಿಂದ ಬಾಳಿದ ಕೇರಿಗಳು ಅಲ್ಲಿವೆ. ಮೊದಲ ವರ್ಷದ ಪಾತ್ರಗಳಲ್ಲಿಯೇ ದಿನಸಿ ಅಂಗಡಿ ನಡೆಸುವ, ಬಾಂಗ್ಲಾದೇಶ ಮೂಲದ ಸಯೀದ್ ಮತ್ತು ನಯೀಮಾ ದಂಪತಿಗಳೂ ಇದ್ದರು. ಆದರೆ ಕಥೆಯ ‘ವಾಲ್‌ಫರ್ಡ್’ ಎಂಬ ಊರಾಗಲಿ, ‘ಆಲ್ಬರ್ಟ್ ಸ್ಕ್ವೇರ್’ ಎಂಬ ಚೌಕವಾಗಲಿ ಎಲ್ಲಿಯೂ ಇಲ್ಲ. ನಮ್ಮ ಮಾಲ್ಗುಡಿಯಂತೆ ಅದೂ ಕಲ್ಪನೆಯ ಊರು. ಶಂಕರನಾಗ್ ಅವರ ‘ಮಾಲ್ಗುಡಿ ಡೇಸ್’ಗೆ ಆರ್. ಕೆ. ಲಕ್ಷ್ಮಣರ ರೇಖಾಚಿತ್ರಗಳು ಬಾಗಿಲು ತೆರೆದವು. ವಾಲ್‌ಫರ್ಡಿಗೆ ಬಾಗಿಲು ತೆರೆದದ್ದು ಮಾತ್ರ ನಿಜವಾದ ನಗರದ, ನಿಜವಾದ ನದಿಯ ಛಾಯಾಚಿತ್ರ.

ಎಂಟು ನೂರು ಚೂರುಗಳ ಚಿತ್ರ

ಶೀರ್ಷಿಕೆಯ ಚಿತ್ರವನ್ನು ರೂಪಿಸಿದವರು ಅಲನ್ ಜೀಪ್ಸ್ ಎಂಬ ಕಲಾವಿದರು. ಸುಮಾರು 1000 ಅಡಿ ಎತ್ತರದಲ್ಲಿ ಹಾರುವ ವಿಮಾನದಿಂದ, ಬಿಸಿಲು ಚೆನ್ನಾಗಿದ್ದ ಬೇರೆಬೇರೆ ದಿನಗಳಲ್ಲಿ, ಪೂರ್ವ ಲಂಡನ್ನಿನ 800ರಷ್ಟು ಛಾಯಾಚಿತ್ರಗಳನ್ನು ತೆಗೆಯಲಾಯಿತು. ಕೌದಿ ಹೊಲಿಯುವವಳು ಬಟ್ಟೆಯ ತುಂಡುಗಳನ್ನು ಅಂಚಿಗೆ ಅಂಚು ಸೇರಿಸುವಂತೆ ಅವುಗಳನ್ನು ಜೋಡಿಸಿ ಒಂದೇ ದೊಡ್ಡ ಚಿತ್ರವನ್ನಾಗಿ ಮಾಡಿದರು. ಕ್ಯಾಮೆರಾ ಆ ಚಿತ್ರದ ಮೇಲಿನಿಂದ ತಿರುಗುತ್ತ ಮೇಲೇರುತ್ತದೆ; ಬೀದಿಗಳು ಕಿರಿದಾಗುತ್ತ ಹೋಗಿ, ಕುದುರೆಯ ಲಾಳದಂತೆ ಬಾಗಿ ಹರಿಯುವ ಥೇಮ್ಸ್ ನದಿ ಕಣ್ತುಂಬುತ್ತದೆ. ಅದರ ಮೇಲೆ ಧಾರಾವಾಹಿಯ ಹೆಸರು ಮೂಡುತ್ತದೆ. ಜೊತೆಗೆ ಸೈಮನ್ ಮೇ ಮತ್ತು ಲೆಸ್ಲಿ ಆಸ್ಬರ್ನ್ ರಚಿಸಿದ ಸಂಗೀತ.

ಈ ಚಿತ್ರದಲ್ಲಿ ಒಬ್ಬ ನಟನೂ ಇಲ್ಲ ಎಂಬುದನ್ನು ಗಮನಿಸಬೇಕು. ಅದೇ ಕಾಲದ ಅಮೆರಿಕದ ‘ಡಲ್ಲಾಸ್’ ಧಾರಾವಾಹಿಯ ಶೀರ್ಷಿಕೆಯಲ್ಲಿ ತಾರೆಯರ ಮುಖಗಳು ಸಾಲಾಗಿ ಬರುತ್ತಿದ್ದವು. ಯಾರಾದರೂ ಬಿಟ್ಟುಹೋದರೆ, ಹೊಸಬರು ಸೇರಿದರೆ, ಅದನ್ನೂ ತಿದ್ದಬೇಕಾಗುತ್ತಿತ್ತು. ನದಿಗೆ ಆ ತೊಡಕಿಲ್ಲ. ಕಥೆಯೊಳಗೆ ಎಷ್ಟೋ ಮದುವೆಗಳು, ಜಗಳಗಳು, ಸಾವುಗಳು ಆಗಿಹೋದರೂ ಶೀರ್ಷಿಕೆಯ ಚಿತ್ರ ಎಂಟು ವರ್ಷ ಹಾಗೆಯೇ ಇತ್ತು.

ಬದಲಾದದ್ದು ಯಾವುದು?

1993ರಲ್ಲಿ ಚಿತ್ರವನ್ನು ಹೊಸದಾಗಿ ಮಾಡಿದರು. ಅದೇ ಸಂದರ್ಭದಲ್ಲಿ ಸಂಗೀತಕ್ಕೂ ಜಾಝ್ ಧಾಟಿಯ ಒಗ್ಗರಣೆ ಬಿತ್ತು. ಆದರೆ ಅದು ಬಹುಕಾಲ ಬಾಳಲಿಲ್ಲ; 1994ರಲ್ಲಿಯೇ ಮೊದಲಿನದಕ್ಕೆ ಸಮೀಪವಾದ ಧಾಟಿ ಮರಳಿ ಬಂತು. ಇಲ್ಲಿ ಒಂದು ಸ್ವಾರಸ್ಯವಿದೆ. ಚಿತ್ರದ ಬದಲಾವಣೆ ಉಳಿಯಿತು, ಸಂಗೀತದ ಬದಲಾವಣೆ ಉಳಿಯಲಿಲ್ಲ. ಊರು ಬದಲಾದದ್ದರಿಂದ ಚಿತ್ರ ಬದಲಾದರೆ ಅದು ಸತ್ಯ. ಅಲಂಕಾರಕ್ಕಾಗಿ ರಾಗ ಬದಲಾದರೆ ಅದು ಹೊಸ ಅಂಗಿ ಮಾತ್ರ. ಈ ಎರಡರ ಅಂತರ ಮನೆಯಲ್ಲಿ ಕುಳಿತು ನೋಡುವವರಿಗೆ ತಿಳಿಯದೆ ಇರುವುದಿಲ್ಲ.

ಊರಾದರೋ ನಿಜವಾಗಿಯೇ ಬದಲಾಗುತ್ತಿತ್ತು. ನದಿಯ ಲಾಳದೊಳಗೆ ಸಿಕ್ಕಿಕೊಂಡಿರುವ ನೆಲದ ಹೆಸರು ‘ಐಲ್ ಆಫ್ ಡಾಗ್ಸ್’. ಅಲ್ಲಿನ ವೆಸ್ಟ್ ಇಂಡಿಯಾ ಹಡಗುಕಟ್ಟೆಗಳು 1802ರಲ್ಲಿ ತೆರೆದವು. ಸಕ್ಕರೆ, ಮದ್ಯ, ಹಣ್ಣುಗಳ ಸರಕು ಅಲ್ಲಿ ಇಳಿಯುತ್ತಿತ್ತು. ಸಾವಿರಾರು ಸಂಸಾರಗಳ ಅನ್ನ ಆ ಧಕ್ಕೆಗಳ ಮೇಲಿತ್ತು. ಕಂಟೇನರು ಹೊರುವ ದೊಡ್ಡ ಹಡಗುಗಳು ಬಂದ ಮೇಲೆ ಅವುಗಳಿಗೆ ಇಲ್ಲಿನ ನೀರು ಸಾಲದಾಯಿತು. ವ್ಯಾಪಾರವೆಲ್ಲ ನದಿಯ ಕೆಳದಿಕ್ಕಿನ ಟಿಲ್‌ಬರಿಗೆ ಸರಿಯಿತು. 1980ರಲ್ಲಿ ಈ ಕಟ್ಟೆಗಳು ಮುಚ್ಚಿದವು. ಜೀಪ್ಸರ ಚಿತ್ರ ಸಿದ್ಧವಾದದ್ದು ಅನಂತರದ ಆ ಮೌನದ ವರ್ಷಗಳಲ್ಲಿ.

ಮುಂದೆ ಅದೇ ನೆಲದ ಮೇಲೆ ಬ್ಯಾಂಕುಗಳ ಗೋಪುರಗಳು ಎದ್ದವು. 1991ರಲ್ಲಿ ಮುಗಿದ ‘ಒನ್ ಕೆನಡಾ ಸ್ಕ್ವೇರ್’ 235 ಮೀಟರು ಎತ್ತರದ, 50 ಅಂತಸ್ತಿನ ಕಟ್ಟಡ. ಹೊಸ ಸಹಸ್ರಮಾನದ ಸ್ವಾಗತಕ್ಕೆಂದು ನದಿಯ ಬಾಗಿನಲ್ಲಿ ಕಟ್ಟಿದ ಮಿಲೆನಿಯಮ್ ಡೋಮ್ ಇನ್ನೊಂದು. 365 ಮೀಟರು ಅಗಲದ ಈ ಬಿಳಿಯ ಗುಡಾರ ಬಾಗಿಲು ತೆರೆಯುವ ಮೊದಲೇ, 1999ರ ಹೊಸ ಶೀರ್ಷಿಕೆಯೊಳಗೆ ಸೇರಿತು. ಮೇಲಿನಿಂದ ನೋಡುವಾಗ ತಟ್ಟೆಯಲ್ಲಿಟ್ಟ ಇಡ್ಲಿಯಂತೆ ಕಾಣುವ ಅದನ್ನು ಎಳೆಯ ಮಕ್ಕಳೂ ಗುರುತಿಸಬಲ್ಲರು. 2009ರಲ್ಲಿ ಮತ್ತೊಮ್ಮೆ ಚಿತ್ರ ಹೊಸದಾಯಿತು. 2012ರಲ್ಲಿ ಒಲಿಂಪಿಕ್ ಉದ್ಯಾನ ಅದರಲ್ಲಿ ಸೇರಿಕೊಂಡಿತು.

ಕಲ್ಪನೆಗೆ ಸಿಕ್ಕ ವಿಳಾಸ

ಈ ಒಲಿಂಪಿಕ್ ಪ್ರಕರಣದಲ್ಲಿ ನಡೆದದ್ದು ಕಾದಂಬರಿಕಾರರಿಗೂ ಹೊಳೆಯದಂಥದು. ಧಾರಾವಾಹಿಯವರು ವಾಲ್‌ಫರ್ಡಿಗೆ ‘ಇ20’ ಎಂಬ ಅಂಚೆ ಸಂಕೇತವನ್ನು ಕಲ್ಪಿಸಿಕೊಂಡಿದ್ದರು. ಲಂಡನ್ನಿನಲ್ಲಿ ಅಂತಹ ಸಂಕೇತವೇ ಇರಲಿಲ್ಲ. 2011ರಲ್ಲಿ ಅಂಚೆ ಇಲಾಖೆ ಒಲಿಂಪಿಕ್ ಉದ್ಯಾನಕ್ಕೆ ಹೊಸ ಸಂಕೇತ ಕೊಡಬೇಕಾದಾಗ ಆರಿಸಿದ್ದು ಅದನ್ನೇ! 2012ರ ಜುಲೈ 23ರಂದು ಕ್ರೀಡಾಜ್ಯೋತಿಯೂ ಚಿತ್ರೀಕರಣದ ಚೌಕಕ್ಕೆ ಬಂತು. ಬಿಲ್ಲಿ ಮಿಚೆಲ್ ಎಂಬ ಪಾತ್ರ ಅದನ್ನು ಹಿಡಿದು ಓಡಿದ್ದನ್ನು ನೇರವಾಗಿ ಪ್ರಸಾರ ಮಾಡಿದರು. ಇಷ್ಟಾದರೂ ಆ ಚೌಕವಿರುವುದು ಲಂಡನ್ನಿನ ಗಡಿಯ ಹೊರಗೆ, ಬೋರಮ್‌ವುಡ್ ಎಂಬಲ್ಲಿನ ಸ್ಟುಡಿಯೋದಲ್ಲಿ. ಶೀರ್ಷಿಕೆಯ ಚಿತ್ರವನ್ನು ಎಷ್ಟು ಹುಡುಕಿದರೂ ಅದು ಕಾಣಸಿಗದು.

ನಗಾರಿಯೂ ಮೌನವೂ

ಪ್ರತಿ ಕಂತಿನ ಕೊನೆಯಲ್ಲಿ, ಗುಟ್ಟೊಂದು ರಟ್ಟಾಗಿ ಯಾರದೋ ಮುಖ ಬಿಳಿಚಿಕೊಂಡ ಕ್ಷಣದಲ್ಲಿಯೇ, ಡ್ರಮ್ಮಿನ ಏಟುಗಳು ಸಿಡಿಲಿನಂತೆ ಬೀಳುತ್ತವೆ. ಆದರೆ ಬಹುಕಾಲದ ಪಾತ್ರವೊಂದು ಊರು ಬಿಟ್ಟು ಹೊರಟಾಗ, ಅಥವಾ ತೀರಿಹೋದಾಗ, ಕೆಲವೊಮ್ಮೆ ಆ ಏಟುಗಳು ಕೇಳುವುದಿಲ್ಲ. ಅದೇ ರಾಗದ ಮೃದುವಾದ ಪಿಯಾನೋ ರೂಪವೊಂದು ಕೇಳುತ್ತದೆ. ಜೂಲಿಯಾ ಸ್ಮಿತ್ ಅವರ ನೆನಪಿಗೆ ಅದನ್ನು ‘ಜೂಲಿಯಾಸ್ ಥೀಮ್’ ಎಂದು ಕರೆಯುತ್ತಾರೆ. ಸದ್ದನ್ನು ಹಿಡಿದಿಟ್ಟರೆ ದುಃಖಕ್ಕೆ ಎಡೆ ಸಿಗುತ್ತದೆಂಬುದನ್ನು ಆ ಜನ ಬಲ್ಲರು.

ಇಷ್ಟನ್ನೆಲ್ಲ ನೋಡಿದ ಮೇಲೆ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ. ಹಡಗುಕಟ್ಟೆಗಳಲ್ಲಿ ದುಡಿದವರ ಮಕ್ಕಳಲ್ಲಿ ಅನೇಕರು ಎಸೆಕ್ಸ್ ಪ್ರಾಂತದ ಕಡೆಗೆ ಹೊರಟುಹೋದರು. ನದಿಯ ದಂಡೆಯ ಮನೆಗಳ ಬೆಲೆ ಸಾಮಾನ್ಯ ದುಡಿಮೆಗಾರನ ಕೈಗೆ ಎಟುಕದಾಯಿತು. ಆಲ್ಬರ್ಟ್ ಚೌಕದ ಹಣ್ಣಿನ ವ್ಯಾಪಾರಿ ನಿಜವಾಗಿಯೂ ಇದ್ದಿದ್ದರೆ, ಇಂದು ಅದೇ ಚೌಕದಲ್ಲಿ ಮನೆ ಕೊಳ್ಳಲು ಅವನಿಂದ ಸಾಧ್ಯವಾಗುತ್ತಿತ್ತೆ? ಕಥೆ ಅವನನ್ನು ಅಲ್ಲಿಯೇ ಉಳಿಸಿಕೊಂಡಿದೆ, ನಗರ ಉಳಿಸಿಕೊಂಡಿಲ್ಲ.

ಸಾವಿರ ಅಡಿ ಎತ್ತರದಿಂದ ತೆಗೆದ ಚಿತ್ರದಲ್ಲಿ ಮನುಷ್ಯರು ಕಾಣುವುದಿಲ್ಲ, ನಿಜ. ಗೋಪುರ ಎದ್ದದ್ದು ಕಾಣುತ್ತದೆ. ಅದರ ಬುಡದಿಂದ ಯಾರು ಎದ್ದುಹೋದರೆಂಬುದು ಕಾಣುವುದಿಲ್ಲ. ಅದನ್ನು ಹೇಳಬೇಕಾದದ್ದು ಶೀರ್ಷಿಕೆ ಮುಗಿದ ಮೇಲೆ ತೆರೆಯುವ ಕಥೆಯ ಹೊಣೆ. ಆ ಹೊಣೆಯನ್ನು ನೆನಪಿಸುವಂತೆ ಥೇಮ್ಸ್ ನದಿ, ದಡದಲ್ಲಿ ಏನೇ ಬದಲಾದರೂ ತನ್ನ ಬಾಗನ್ನು ಬಿಡದೆ, ಪ್ರತಿ ಸಂಜೆಯೂ ಮನೆಮನೆಯ ಹೊಸ್ತಿಲಿಗೆ ಬಂದು ನಿಲ್ಲುತ್ತಿದೆ.