ಸಹಾಯಧನಕ್ಕೆ ಮೊದಲು ಒಲೆಯ ಲೆಕ್ಕ



ತ್ರ್ಯಂಬಕೇಶ್ವರ ಹಾಗೂ ನಾಸಿಕದ ಸಿಂಹಸ್ಥ ಕುಂಭಮೇಳದ ಮುಖ್ಯ ಸ್ನಾನಗಳು 2027ರ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಬರುತ್ತವೆ. ಮಹಾರಾಷ್ಟ್ರದಲ್ಲಿ ನೆಲೆಸಿ ಹೋಟೆಲ್ ನಡೆಸುತ್ತಿರುವ ನಮ್ಮವರಿಗೆ ಇದು ದೊಡ್ಡ ವ್ಯಾಪಾರದ ಕಾಲ. ದೊಡ್ಡ ವ್ಯಾಪಾರವೆಂದರೆ ಗ್ಯಾಸಿನ ಖರ್ಚೂ ದೊಡ್ಡದೇ. ಸೌರಶಾಖ ಮತ್ತು ಜೈವಿಕ ಇಂಧನಕ್ಕೆ ಸರ್ಕಾರ ಏನು ಕೊಡುತ್ತದೆ, ಅದನ್ನು ನಂಬಿ ಬಂಡವಾಳ ಹಾಕಬಹುದೇ ಎಂಬುದನ್ನು ಈಗಲೇ ಯೋಚಿಸುವುದು ಒಳ್ಳೆಯದು.

ಶಿರಡಿಯ ಉದಾಹರಣೆ

ನಾಸಿಕದಿಂದ ಸುಮಾರು 90 ಕಿ.ಮೀ. ದೂರದ ಶಿರಡಿಯಲ್ಲಿ ಸಾಯಿಬಾಬಾ ಸಂಸ್ಥಾನದ ಅಡುಗೆಮನೆಗೆ 2009ರಲ್ಲಿ ಸೌರ ಹಬೆ ವ್ಯವಸ್ಥೆ ಬಂತು. 73 ಷೆಫ್ಲರ್ ಕನ್ನಡಿ ತಟ್ಟೆಗಳು ಬಿಸಿಲನ್ನು ಒಂದೆಡೆ ಕೂಡಿಸಿ ನೀರನ್ನು ಹಬೆಯಾಗಿಸುತ್ತವೆ. ಆ ಹಬೆಯಲ್ಲಿ ಅನ್ನ ಬೇಯುತ್ತದೆ. ಒಟ್ಟು ವೆಚ್ಚ ರೂ. 1.33 ಕೋಟಿ, ಕೇಂದ್ರದ ನೆರವು ರೂ. 58.4 ಲಕ್ಷ. ವರ್ಷಕ್ಕೆ ಒಂದು ಲಕ್ಷ ಕೆ.ಜಿ. ಗ್ಯಾಸ್, ಅಂದರೆ ಆಗಿನ ದರದಲ್ಲಿ ಸುಮಾರು ರೂ. 20 ಲಕ್ಷ ಉಳಿಯುವುದೆಂದು ಅಂದಾಜಿಸಲಾಗಿತ್ತು.

ಆ ಅಂದಾಜಿನಂತೆ ಹಾಕಿದ ಹಣ ವಾಪಸಾಗಲು ನೆರವಿದ್ದರೆ ನಾಲ್ಕು ವರ್ಷದೊಳಗೆ ಸಾಕು. ನೆರವಿಲ್ಲದಿದ್ದರೆ ಆರೂವರೆ ವರ್ಷ ಮೀರುತ್ತದೆ. ಸಹಾಯಧನದ ಬೆಲೆ ಎಷ್ಟೆಂಬುದು ಇದರಿಂದಲೇ ತಿಳಿಯುತ್ತದೆ.

ಬರುವ ಯೋಜನೆ, ಹೋಗುವ ಯೋಜನೆ

2010ರಲ್ಲಿ ಆರಂಭವಾದ ರಾಷ್ಟ್ರೀಯ ಸೌರ ಮಿಷನ್ ಅಡಿಯಲ್ಲಿ ಸೋಲಾರ್ ವಾಟರ್ ಹೀಟರಿಗೆ ಶೇ. 30ರ ಸಹಾಯಧನವಿತ್ತು, 2014ರಲ್ಲಿ ಅದು ನಿಂತಿತು. ಕನ್ನಡಿ ತಟ್ಟೆಗಳ ಯೋಜನೆಯೂ 2020ರ ಮಾರ್ಚ್‌ಗೆ ಮುಗಿಯಿತು. ಆದಾಯ ತೆರಿಗೆಯಲ್ಲಿ ಸೌರ ಸಲಕರಣೆಗಳಿಗೆ ಶೇ. 80 ಇದ್ದ ಸವಕಳಿ 2017ರ ಏಪ್ರಿಲ್‌ನಿಂದ ಶೇ. 40ಕ್ಕೆ ಇಳಿಯಿತು. ಸಮಾಧಾನದ ಸಂಗತಿಯೆಂದರೆ, 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ವಾಟರ್ ಹೀಟರ್ ಮತ್ತು ಬಯೋಗ್ಯಾಸ್ ಘಟಕಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಬಂದಿದೆ.

ಬಯೋಗ್ಯಾಸ್ ಮತ್ತು ಬ್ರಿಕೆಟ್ ತಯಾರಿಕೆಗೆ ನೆರವು ನೀಡಿದ ರಾಷ್ಟ್ರೀಯ ಜೈವಿಕ ಇಂಧನ ಕಾರ್ಯಕ್ರಮ 2022ರ ನವೆಂಬರ್‌ನಲ್ಲಿ ಪ್ರಕಟವಾಯಿತು. ಅದಕ್ಕೆ ನಿಗದಿಯಾದ ಅವಧಿ 2025-26ರ ವರೆಗೆ. ಆದ್ದರಿಂದ ಮಾರಾಟಗಾರರು "ಸಬ್ಸಿಡಿ ಉಂಟು" ಎಂದ ಮಾತ್ರಕ್ಕೆ ಮುಂಗಡ ಕೊಡಬೇಡಿ. ಮಹಾರಾಷ್ಟ್ರದವರು ಮೇಡಾ ಕಚೇರಿಯಲ್ಲಿ, ಕರ್ನಾಟಕದವರು ಕ್ರೆಡಲ್ ಕಚೇರಿಯಲ್ಲಿ ವಿಚಾರಿಸಿ, ಮಂಜೂರಾತಿ ಲಿಖಿತವಾಗಿ ಕೈಗೆ ಬಂದ ಮೇಲೆ ಮುಂದುವರಿಯಿರಿ.

ನೆರವಿಲ್ಲದೆಯೂ ಗಿಟ್ಟುವುದು

ಸಾವಿರ ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸಾಧಾರಣ ಬರ್ನರಿಗೆ ಸುಮಾರು 5 ಕೆ.ಜಿ. ಗ್ಯಾಸ್ ಬೇಕು. ಈ ಕೆಲಸವನ್ನು ಮಾಳಿಗೆಯ ಮೇಲಿನ ಸೋಲಾರ್ ಹೀಟರ್ ಮಾಡಿದರೆ, 240 ಬಿಸಿಲಿನ ದಿನಕ್ಕೆ 1,200 ಕೆ.ಜಿ., ಅಂದರೆ 19 ಕೆ.ಜಿ.ಯ 63 ಸಿಲಿಂಡರ್ ಉಳಿತಾಯ. ಅನ್ನಕ್ಕೆ ಎಸರಿಡಲು, ಇಡ್ಲಿ ಸ್ಟೀಮರಿಗೆ, ಪಾತ್ರೆ ತೊಳೆಯಲು ಈ ನೀರೇ ಸಾಕು.

ಆದರೆ ಒಂದು ಎಚ್ಚರಿಕೆ. ತ್ರ್ಯಂಬಕ ಸಹ್ಯಾದ್ರಿಯ ಮಡಿಲಿನ ಊರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಡಿಮಳೆ. ಸಿಂಹಸ್ಥದ ಸ್ನಾನಗಳು ಬೀಳುವುದೂ ಆ ತಿಂಗಳುಗಳಲ್ಲೇ. ಗಿರಾಕಿ ತುಂಬಿದ ದಿನ ಬಿಸಿಲು ಇರುವುದಿಲ್ಲ! ಮೇಳವನ್ನೇ ನಂಬಿ ಸೌರ ವ್ಯವಸ್ಥೆ ಹಾಕಿಸಿದವರಿಗೆ ನಿರಾಸೆ ಖಚಿತ. ಅದರ ಲಾಭ ಉಳಿದ ಎಂಟು ತಿಂಗಳ ಯಾತ್ರಿಕರಿಂದ ಬರಬೇಕು. ಮಳೆಗಾಲಕ್ಕೆ ಗ್ಯಾಸ್ ಅಥವಾ ಬ್ರಿಕೆಟ್ ಬಾಯ್ಲರ್ ಜೊತೆಗಿರಲಿ.

ಬ್ರಿಕೆಟ್ ಒಲೆಗೂ ಮುನ್ನ ಸ್ಥಳೀಯ ನಿಯಮ ತಿಳಿದುಕೊಳ್ಳಿ. ಮುಂಬಯಿಯಲ್ಲಿ ಸೌದೆ, ಕಲ್ಲಿದ್ದಲಿನ ಬೇಕರಿಗಳು ಆರು ತಿಂಗಳಲ್ಲಿ ಶುದ್ಧ ಇಂಧನಕ್ಕೆ ಬದಲಾಗಬೇಕೆಂದು 2025ರ ಜನವರಿಯಲ್ಲಿ ಹೈಕೋರ್ಟ್ ಆದೇಶಿಸಿದ್ದು ನೆನಪಿರಲಿ. ಸೌದೆ ಬ್ರಿಕೆಟ್ ಆದರೂ ಹೊಗೆಗೆ ಚಿಮಣಿ ಬೇಕು, ಅನುಮತಿ ಬೇಕು.

ನಮ್ಮ ಸಲಹೆ ಇಷ್ಟೇ: ಒಂದು ತಿಂಗಳು ದಿನಕ್ಕೆಷ್ಟು ಸಿಲಿಂಡರ್, ಎಷ್ಟು ಬಿಸಿನೀರು ಎಂದು ಬರೆದಿಡಿ. ಆ ಲೆಕ್ಕದಲ್ಲಿ ಸಹಾಯಧನದ ಕಾಲಂ ಖಾಲಿ ಇರಲಿ. ಆಗಲೂ ಹಣ ವಾಪಸು ಬರುವಂತಿದ್ದರೆ ಧೈರ್ಯವಾಗಿ ಹಾಕಿಸಿ. ಸರ್ಕಾರ ಕೊಟ್ಟರೆ ಅದು ಲಾಭದ ಮೇಲಿನ ಲಾಭ.