ಮನೆಯೊಳಗಣ ಪರೀಕ್ಷೆ

ಪರೀಕ್ಷೆಯೆಂಬುದು ಮನೆಯಿಂದಾಚೆ ನಡೆಯತಕ್ಕ ಕಾರ್ಯವೆಂದೇ ನಾವೆಲ್ಲರೂ ತಿಳಿದಿದ್ದೆವು. ಮಕ್ಕಳಿಗೆ ಮೊಸರನ್ನವನ್ನಿಕ್ಕಿ, ದೇವರಿಗೆ ನಮಸ್ಕಾರ ಮಾಡಿಸಿ, ಬೀದಿಯ ತಿರುವಿನವರೆಗೆ ಕಳುಹಿಸಿ ಬಂದರೆ ತಾಯ್ತಂದೆಗಳ ಪಾಲಿನದು ಮುಗಿಯುತ್ತಿತ್ತು. ೨೦೨೦ನೆಯ ಇಸವಿಯಲ್ಲಿ ಕೊರೋನಾ ಮಹಾಮಾರಿಯು ಈ ವಾಡಿಕೆಯನ್ನು ತಲೆಕೆಳಗು ಮಾಡಿತು. ಮಾರ್ಚಿಯಲ್ಲಿ ಕಾಲೇಜುಗಳು ಮುಚ್ಚಿದುವು. ಕೊನೆಯ ವರ್ಷದ ಪರೀಕ್ಷೆಗಳು ನಡೆದೇ ತೀರಬೇಕೆಂದೂ, ಅವನ್ನು ಕಾಗದದ ಮೇಲಾಗಲಿ, ಆನ್‌ಲೈನ್ ಮೂಲಕವಾಗಲಿ, ಎರಡನ್ನೂ ಬೆರಸಿಯಾಗಲಿ ನಡೆಸಬಹುದೆಂದೂ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಜುಲೈ ೬ರಂದು ಸೂಚಿಸಿತು.

ಮನೆಯು ಪರೀಕ್ಷಾಮಂದಿರವಾಗುವುದು ಸುಲಭವೇ? ಜಯನಗರದ ದೊಡ್ಡ ಮನೆಯಲ್ಲಿ ಮಗಳಿಗೆ ಪ್ರತ್ಯೇಕ ಕೋಣೆ ದೊರೆತೀತು, ಬಿ.ಟಿ.ಎಂ. ಬಡಾವಣೆಯ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಕುಕ್ಕರಿನ ಕೂಗು, ತಮ್ಮನ ಪಾಠ, ತಂದೆಯ ಕಚೇರಿಯ ಮಾತು ಎಲ್ಲವೂ ಒಂದೆಡೆಯೇ. ವಿದ್ಯುತ್ತು ಹೋದರಂತೂ ಹೇಳುವುದೇ ಬೇಡ. ನಮ್ಮ ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯು ಸೆಪ್ಟೆಂಬರ್ ೧೨ರಂದು ಮನೆಗಳಿಂದಲೇ ಬರೆಯುವ ಪ್ರವೇಶಪರೀಕ್ಷೆಯೊಂದನ್ನು ನಡೆಸಿತಷ್ಟೆ. ಸರ್ವೋಚ್ಚ ನ್ಯಾಯಾಲಯವು ೨೧ರಂದು ಅದನ್ನು ರದ್ದುಪಡಿಸಿ, ೨೮ರಂದು ಕೇಂದ್ರಗಳಲ್ಲಿ ನಡೆಯಲಿದ್ದ ಸಾಮಾನ್ಯ ಪರೀಕ್ಷೆಯ ಮೂಲಕವೇ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಬೇಕೆಂದು ವಿಧಿಸಿತು.

ಇದರಿಂದ ಪಾಠಕ್ರಮಕ್ಕೆ ಒದಗಿದ ಬದಲಾವಣೆಯನ್ನು ಮಾತ್ರ ಗೃಹಸ್ಥರು ಅಷ್ಟಾಗಿ ಗಮನಿಸಿದಂತಿಲ್ಲ. ಪುಸ್ತಕವು ಪಕ್ಕದಲ್ಲಿಯೇ ತೆರೆದಿರುವಾಗ ‘ಬೇಡಿಕೆಯ ನಿಯಮವನ್ನು ಬರೆಯಿರಿ’ ಎಂದು ಕೇಳಿ ಫಲವೇನು? ಬನಶಂಕರಿಯಲ್ಲಿರುವ ನಮ್ಮ ಪರಿಚಯದ ಉಪಾಧ್ಯಾಯಿನಿಯೊಬ್ಬರು, ಟೊಮೇಟೊ ಬೆಲೆಯು ಇಮ್ಮಡಿಯಾದರೆ ಹೋಟೆಲಿನವರು ಎಷ್ಟು ಕೊಳ್ಳುವರು, ಮನೆಯವರು ಎಷ್ಟು ಕೊಳ್ಳುವರು, ಈ ವ್ಯತ್ಯಾಸವೇಕೆ ಎಂದು ಕೇಳಿದರಂತೆ. ಉತ್ತರಗಳನ್ನು ನೋಡಿದಾಗ, ವರ್ಷವಿಡೀ ತಾವು ಬರೆಯಿಸಿದ ಟಿಪ್ಪಣಿಯು ಯಾರ ನೆರವಿಗೂ ಬಂದಿರಲಿಲ್ಲ. “ತಪ್ಪು ಮಕ್ಕಳದಲ್ಲ ಸ್ವಾಮಿ, ಹಾಗೆ ಯೋಚಿಸುವುದನ್ನು ನಾನು ಕಲಿಸಿಯೇ ಇರಲಿಲ್ಲ” ಎಂದು ಅವರು ನಮ್ಮೊಡನೆ ಹೇಳಿಕೊಂಡರು. ಅಂದಿನಿಂದ ಅವರು ಟಿಪ್ಪಣಿ ಬರೆಯಿಸುವುದನ್ನು ಬಿಟ್ಟರು.

ಎಲ್ಲರೂ ಹೀಗೆ ಮಾಡಲಿಲ್ಲವೆಂಬುದೂ ದಿಟ. ನೂರಾರು ಉತ್ತರಗಳನ್ನು ಪರದೆಯ ಮೇಲೆ ಓದಿ ಕಣ್ಣು ಬೇನೆಯಾದವರು, ನಾಲ್ಕರಲ್ಲೊಂದನ್ನು ಆರಿಸುವ ಪ್ರಶ್ನೆಗಳನ್ನೇ ನೆಚ್ಚಿದರು. ಯಂತ್ರವೇ ಅಂಕ ಹಾಕಿತು. ಶ್ರಮವೇನೋ ಉಳಿಯಿತು, ಆದರೆ ವಿದ್ಯಾರ್ಥಿಯು ಎಲ್ಲಿ ಎಡವಿದನೆಂಬುದು ಉಪಾಧ್ಯಾಯರಿಗೆ ತಿಳಿಯುವ ಬಗೆ ತಪ್ಪಿತೆಂದು ನಮಗೆ ತೋರುತ್ತದೆ.

ಉಕ್ತ ಉಪಾಧ್ಯಾಯಿನಿಯವರು ಈಗ ಪ್ರತಿಯೊಬ್ಬ ವಿದ್ಯಾರ್ಥಿಯನ್ನೂ ಎದುರಿಗೆ ಕುಳ್ಳಿರಿಸಿಕೊಂಡು ಐದು ನಿಮಿಷ ಬಾಯಿಂದಲೇ ಉತ್ತರ ಹೇಳಿಸುತ್ತಾರೆ. ಅರುವತ್ತು ಮಂದಿಯ ತರಗತಿಗೆ ಇದರಿಂದ ಐದು ಗಂಟೆಗಳಾಗುತ್ತವೆ. ಅದಕ್ಕೆ ವೇಳಾಪಟ್ಟಿಯಲ್ಲಿ ಎಡೆಯಿಲ್ಲದ ಕಾರಣ ಸಂಜೆಯ ಹೊತ್ತು ಕಾಲೇಜಿನಲ್ಲಿಯೇ ಉಳಿಯುತ್ತಾರೆ.