ಕಡಲೆಕಾಯಿಗೆ ಹಿಡಿಯುವ ಬೂಷ್ಟು

ಒಳ್ಳೇ ಮಳೆ ಬಿದ್ದ ಮೇಲೆ ಹುತ್ತದ ಸುತ್ತ ಬಿಳಿ ಕೊಡೆಗಳು ಏಳುತ್ತವೆ. ಅದು ಅಣಬೆ. ಗುರುತು ಬಲ್ಲವರು ಕಿತ್ತು ತಂದು ಸಾರು ಮಾಡ್ತಾರೆ. ಹಳೇ ರೊಟ್ಟಿಯ ಮೇಲೆ ಹಸಿರು ಪುಡಿ ಕೂರುತ್ತದಲ್ಲ, ಅದು ಬೂಷ್ಟು. ಎರಡೂ ಒಂದೇ ಕುಲ. ಪುಸ್ತಕದಲ್ಲಿ ಇದಕ್ಕೆ ಶಿಲೀಂಧ್ರ ಅಂತಾರೆ. ನಾಲಿಗೆ ಹೊರಳದ ಮಾತು. ನಾವು ಬೂಷ್ಟು ಅಂತಲೇ ಅನ್ನೋಣ.

ಬೂಷ್ಟು ಗಿಡ ಅಲ್ಲ. ಅದಕ್ಕೆ ಹಸಿರೆಲೆ ಇಲ್ಲ. ಬಿದ್ದ ಎಲೆ, ಕಡ್ಡಿ, ಸಗಣಿಯನ್ನು ಕರಗಿಸಿ ತಿನ್ನುತ್ತದೆ. ತಿಪ್ಪೆ ಕೊಳೆತು ಗೊಬ್ಬರ ಆಗುವುದರಲ್ಲಿ ಇದರ ಪಾಲು ದೊಡ್ಡದು. ಇದು ಇಲ್ಲದಿದ್ದರೆ ಒಣಗಿದ ಮರ ಬಿದ್ದಲ್ಲೇ ಬಿದ್ದಿರುತ್ತಿತ್ತು. ಗೆದ್ದಲು ಹುಳ ಹುತ್ತದ ಒಳಗೆ ಅಣಬೆಯನ್ನು ಪೈರಿನ ಹಾಗೆ ಬೆಳೆಸಿ ತಿನ್ನುತ್ತದೆ! ನಮಗೆ ಪೆನ್ಸಿಲಿನ್ ಔಷಧಿ ಸಿಕ್ಕಿದ್ದೂ ಒಂದು ಬೂಷ್ಟಿನಿಂದಲೇ. ಫ್ಲೆಮಿಂಗ್ ಎಂಬ ವೈದ್ಯರು 1928ರಲ್ಲಿ ಅದನ್ನು ಕಂಡರು.

ಹೊಲದಲ್ಲಿ ಇಷ್ಟು ಉಪಕಾರ ಮಾಡುವ ಬೂಷ್ಟು ಕಾಳಿನ ಒಳಗೆ ಹೊಕ್ಕರೆ ಮಾತ್ರ ಕಷ್ಟ.

ಮಡಕಶಿರಾ, ರಾಯದುರ್ಗದ ಕಡೆ ಕಡಲೆಕಾಯಿ ಬೆಳೆಯುವವರು ಇದನ್ನು ತಿಳಿಯಬೇಕು. ಮಣ್ಣಿನಲ್ಲಿ ಹಳದಿ-ಹಸಿರು ಬಣ್ಣದ ಒಂದು ಬೂಷ್ಟು ಇರುತ್ತದೆ. ಕಾಯಿ ಬಲಿಯುವಾಗ ಮಳೆ ಕೈಕೊಟ್ಟರೆ ಅದು ಕಾಯಿಗೆ ನುಗ್ಗುತ್ತದೆ. ಕಿತ್ತ ಮೇಲೆ ಸರಿಯಾಗಿ ಒಣಗಿಸದಿದ್ದರೆ ಇನ್ನೂ ಹೆಚ್ಚುತ್ತದೆ. ಅಲ್ಲಿ ಅದು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಈ ವಿಷ ಕಣ್ಣಿಗೆ ಕಾಣುವುದಿಲ್ಲ. ಹುರಿದರೂ, ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಪಿತ್ತಜನಕಾಂಗವನ್ನು ಕೆಡಿಸುತ್ತದೆ. ವರ್ಷಗಟ್ಟಲೆ ತಿಂದರೆ ಅಲ್ಲಿ ಕ್ಯಾನ್ಸರ್ ಆಗಬಹುದು.

1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿ ಸತ್ತವು. ಅವು ತಿಂದದ್ದು ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ. ಈ ವಿಷ ಇದೆ ಅಂತ ತಿಳಿದದ್ದೇ ಆಗ. 1974ರಲ್ಲಿ ನಮ್ಮ ದೇಶದಲ್ಲೇ, ರಾಜಸ್ಥಾನ ಮತ್ತು ಗುಜರಾತಿನ ಹಳ್ಳಿಗಳಲ್ಲಿ, ಮಳೆಗೆ ನೆನೆದು ಬೂಷ್ಟು ಬಂದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಕಣ್ಣು ಹಳದಿ ಆಗಿ, ಹೊಟ್ಟೆ ಊದಿತ್ತು. ಬಡವರು. ಮನೆಯಲ್ಲಿ ಬೇರೆ ಕಾಳು ಇರಲಿಲ್ಲ.

ನಮ್ಮಲ್ಲಿ ಒಂದು ರೂಢಿ ಇದೆ. ದುಂಡು ಬೀಜ ಮಂಡಿಗೆ, ಸುಕ್ಕು ಬೀಜ ಮನೆ ಚಟ್ನಿಗೆ. ಕಷ್ಟಪಟ್ಟು ಬೆಳೆದದ್ದನ್ನು ಎಸೆಯಲು ಯಾರಿಗೆ ಮನಸ್ಸು ಬರುತ್ತದೆ? ಆದರೆ ಸುಕ್ಕಿದ, ಕಪ್ಪಾದ, ಬೂಷ್ಟು ಹಿಡಿದ ಬೀಜದಲ್ಲೇ ವಿಷ ಹೆಚ್ಚು. ಅದನ್ನು ಮಕ್ಕಳಿಗೆ ಕೊಡಬೇಡಿ. ಹಸುವಿಗೂ ಹಾಕಬೇಡಿ, ವಿಷ ಹಾಲಿಗೆ ಇಳಿಯುತ್ತದೆ.

ಕಾಯಿ ಕೀಳುವಾಗ ಗುದ್ದಲಿ ಏಟು ಬಿದ್ದ ಕಾಯಿಯನ್ನು ಬೇರೆ ಇಡಿ. ಒಡೆದ ಕಡೆಯಿಂದ ಬೂಷ್ಟು ಸುಲಭವಾಗಿ ಒಳಗೆ ಹೋಗುತ್ತದೆ. ಉಳಿದದ್ದನ್ನು ಬಿಸಿಲಿಗೆ ತೆಳ್ಳಗೆ ಹರಡಿ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಬೀಜ ಗಲಗಲ ಅಂದರೆ ಒಣಗಿದೆ. ಮೂಟೆಯನ್ನು ನೆಲಕ್ಕೆ ತಾಗಿಸದೆ ಹಲಗೆ ಮೇಲೆ ಇಡಿ. ಸುಲಿಯುವಾಗ ಬೀಜ ಒಡೆಯಬಾರದು ಅಂತ ಕಾಯಿಗೆ ನೀರು ಚಿಮುಕಿಸುವವರು ಇದ್ದಾರೆ. ಒಣಗಿಸಿದ ಕೆಲಸವೆಲ್ಲ ಆ ಒಂದು ಚೊಂಬು ನೀರಿಗೆ ಹೋಗುತ್ತದೆ.